ಸಭಾಮನೆಯ ಹೊಸ ಸೂರು

ತುವಾಲು, 18 ನವೆಂಬರ್ 2004

ಪ್ರೀತಿಯ ಪೆನಿತುಸಿಗೆ,

ನಿನ್ನ ಹೆಂಡತಿಯ ನಮಸ್ಕಾರಗಳು. ಎರಡು ತಿಂಗಳಿಂದ ಕಾಗದ ಬರೆದಿಲ್ಲ, ಕ್ಷಮಿಸು. ಟಪಾಲಿನ ಹಡಗು ಬಂದು ಹೋಯಿತು, ಬರೆಯಲು ಕೈ ಬರಲಿಲ್ಲ. ನಿನ್ನ ಹಡಗಿನಲ್ಲಿ ಊಟ ಸರಿಯಿದೆಯೇ? ಇಲ್ಲಿ ಪುಲಕಾ ಗೆಡ್ಡೆ ಚೆನ್ನಾಗಿ ಬಂದಿದೆ. ನಿನ್ನ ತಂದೆ ಗಟ್ಟಿಮುಟ್ಟಾಗಿದ್ದಾರೆ.

ಸಭೆಯ ಸುದ್ದಿ ಕೇಳು. ದ್ವೀಪಗಳ ನಿಧಿಯಿಂದ ನಮ್ಮ ಊರಿನ ಪಾಲು ಬಂತು. ಅದರಲ್ಲಿ ಆಗುವುದು ಒಂದೇ ಕೆಲಸ. ಅದಕ್ಕೂ ಊರವರು ತಮ್ಮ ಕೈಯಿಂದ ಸೇರಿಸಬೇಕೆಂದು ನಮ್ಮ ಹಿರಿಯರ ಕಟ್ಟಳೆ. ಹೆಂಗಸರಿಗೆಲ್ಲ ದೋಣಿಗೆ ಎಂಜಿನ್ ಬೇಕಿತ್ತು. ನರ್ಸಮ್ಮ ಇರುವುದು ಒಳಗಡಲಿನ ಆಚೆ ದಡದಲ್ಲಿ, ಹಳೆಯ ಎಂಜಿನ್ ಕೆಟ್ಟು ವರ್ಷವಾಯಿತು, ನನಗೋ ಆಗ ಏಳು ತಿಂಗಳು ತುಂಬಿತ್ತು. ಗಂಡಸರಿಗೆ ಸಭಾಮನೆಗೆ ಹೊಸ ಸೂರು ಬೇಕಿತ್ತು. ಮಂತ್ರಿಗಳು ಬರುತ್ತಾರಂತೆ!

ಸಭೆಯಲ್ಲಿ ಮನೆಯ ಮಾತನ್ನು ಮನೆಯ ಹಿರಿಯನೇ ಆಡಬೇಕಲ್ಲ. ಹಿಂದಿನ ದಿನ ಮಾವನ ಕಾಲ ಬಳಿ ಕೂತು ಬೇಡಿಕೊಂಡೆ. "ಆಯ್ತಮ್ಮ, ಹೇಳ್ತೀನಿ ಬಿಡು" ಎಂದರು. ಸಭೆಯಲ್ಲಿ ಎದ್ದು ನಿಂತವರೇ, "ನನ್ನ ಮಗ ಕಳಿಸಿರೋ ದುಡ್ಡೆಲ್ಲ ಸೂರಿಗೆ!" ಎಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ನಿಧಿಯ ಹಣವೂ ಅದರ ಹಿಂದೆಯೇ ಹೋಯಿತು. ಹಿಂದಿನ ಸಾಲಿನಿಂದ ನಾನು ತಡೆಯಲಾರದೆ, "ಮತ್ತೆ ಎಂಜಿನ್ನು?" ಎಂದೆ. ಅಧ್ಯಕ್ಷ ತೌವತಿ ತಿರುಗಿ ನೋಡಿ, "ನಮ್ಮಜ್ಜಿ ಹನ್ನೊಂದು ಹೆತ್ಲು ಕಣಮ್ಮ. ಅವಳಿಗೆ ಯಾವ ಎಂಜಿನ್ ಕಟ್ಟಿದ್ರು?" ಎಂದ. ಎಲ್ಲರೂ ನಕ್ಕರು. ಮಾವನೂ ನಕ್ಕರು.

ಸೂರೇನೋ ಚೆನ್ನಾಗಿಯೇ ಆಗಿದೆ. ಮಂತ್ರಿಗಳು ಮಾತ್ರ ಬರಲಿಲ್ಲ. ಕಟ್ಟುವಾಗ ಮನೆಗೊಬ್ಬರು ಕೆಲಸಕ್ಕೆ ಹೋಗಲೇಬೇಕಿತ್ತು, ತಪ್ಪಿದರೆ ದಂಡ. ಮಾವನಿಗೆ ಸೊಂಟನೋವಂತೆ, ಆ ಹೊಟ್ಟೆ ಹೊತ್ತುಕೊಂಡು ನಾನೇ ಕೂತು ಕೇದಗೆ ಗರಿ ಹೆಣೆದೆ.

ಮಳೆಗಾಳಿಗೆ ಹುಷಾರು. ದೇವರು ನಿನ್ನನ್ನು ನಡುಗಡಲಿನಲ್ಲಿ ಕಾಪಾಡಲಿ.

ನಿನ್ನ
ಪಾಸೆಮೆತಾ

ತಾ.ಕ.: ಮಗು ಉಳಿಯಲಿಲ್ಲ. ಹೆಣ್ಣು. ನೋವು ಬಂದ ದಿನ ಎದುರುಗಾಳಿ. ನಾಲ್ವರು ಹುಟ್ಟು ಹಾಕಿದರೂ ದೋಣಿ ಮುಂದೆ ಹೋಗಲಿಲ್ಲ. ನೀರಿನ ನಡುವೆಯೇ ಹೆತ್ತೆ. ಅದು ಅಳಲೇ ಇಲ್ಲ. ಆ ವಾರ ಸೂರಿನ ಕೆಲಸಕ್ಕೆ ಹೋಗಲಿಲ್ಲವೆಂದು ಸಭೆ ನನಗೆ ದಂಡ ಹಾಕಿತು. ಮಗು ಸತ್ತದ್ದಕ್ಕೆ ಅರ್ಧ ಮಾಫಿ. "ಇನ್ನರ್ಧ ಯಾಕೆ ಮಾವ?" ಎಂದು ಕೇಳಿದೆ.

"ನೀನು ಬದುಕಿದೀಯಲ್ಲಮ್ಮ" ಎಂದರು.