ಹತ್ತೊಂಬತ್ತು ಮೂಗಿನ ಹುಳು

ಮಿಡತೆ ಮೇಷ್ಟ್ರೇ,

ಆರು ವರ್ಷದಿಂದ ಮಾತು ಬಿಟ್ಟ ನಿಮಗೆ ಈ ಕಾಗದ ಕಳಿಸುವುದಿಲ್ಲ. ಹಾಗಾಗಿ ನೇರವಾಗಿಯೇ ಕೇಳುತ್ತೇನೆ: ಕದ್ದುಮುಚ್ಚಿ ಕಾದಂಬರಿ ಬರೆಯುತ್ತಿದ್ದೀರಾ?

ಇವತ್ತು ಪ್ರಕಾಶನದ ಸಂಪಾದಕಿ ಒಂದು ಹಸ್ತಪ್ರತಿ ಕೊಟ್ಟು ಅಭಿಪ್ರಾಯ ಕೇಳಿದರು. ಬೇರೆ ಗ್ರಹದ ಆನೆಗಾತ್ರದ ಕೀಟಗಳ ಕಥೆ. ಹುಳುವಿನಲ್ಲಿ ಹುಳುಕು ಹುಡುಕುವುದು ಈಗ ನನ್ನ ಉಪಕಸುಬು. ಇವು ಜಗ್ಗಲಿಲ್ಲ. ಅಷ್ಟು ದೊಡ್ಡ ಮೈಗೆ ಗಾಳಿ ಸಾಲದೆಂದು ಹೊಟ್ಟೆಯನ್ನೇ ತಿದಿಯಂತೆ ಒತ್ತಿ ಉಸಿರಾಡುತ್ತವೆ. ಪೊರೆ ಬಿಟ್ಟ ಮೆತ್ತನೆಯ ಮೈ ತನ್ನ ಭಾರಕ್ಕೇ ಕುಸಿಯದಿರಲೆಂದು ಕೆರೆಗಿಳಿಯುತ್ತವೆ. ಇಷ್ಟನ್ನು ಯಾರು ಬೇಕಾದರೂ ಯೋಚಿಸಬಹುದು. ಆದರೆ ಪಕ್ಕೆಗಳಲ್ಲಿ ಉಸಿರಿನ ತೂತುಗಳು ಹತ್ತೊಂಬತ್ತು!

ಜೋಡಿಯಾಗಿರಬೇಕಾದವು ಬೆಸವಾದದ್ದು ಆರು ವರ್ಷದ ಹಿಂದೆ ಅಚ್ಚಾದ ನನ್ನ ಕೀಟಗಳ ಕಾದಂಬರಿಯ ಮೊದಲ ಕರಡಿನ ತಪ್ಪು. ನಿಮ್ಮ ಪ್ರಯೋಗಾಲಯದಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೀವಶಾಸ್ತ್ರ ಹೇಳಿಕೊಡುತ್ತಿದ್ದಾಗ ಅದನ್ನು ಓದಿ, "ಇರಲಿ ಬಿಡಯ್ಯಾ, ಒಂದು ಮೂಗು ಕಟ್ಟಿರಬೇಕು" ಎಂದು ನಕ್ಕಿದ್ದಿರಿ. ಅಚ್ಚಿನಲ್ಲಿ ಇಪ್ಪತ್ತಾಯಿತು. ಹತ್ತೊಂಬತ್ತು ನಮ್ಮಿಬ್ಬರಿಗೇ ಗೊತ್ತು.

"ಬರೆದವರು ಯಾರಮ್ಮಾ?" ಎಂದೆ.

"ಹೆಸರು ಹೇಳೋ ಹಾಗಿಲ್ಲ ಸಾರ್. ನೀವು ಹುಳ ನೋಡಿ, ಸಾಕು."

"ವಯಸ್ಸಾದವರಾ?"

"ಸಾರ್, ಪತ್ತೇದಾರಿ ಕಾದಂಬರಿ ಬೇರೆ ವಿಭಾಗ."

ನೀವೇ ಬರೆದಿರೋ, ಬೇರೆ ಯಾರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿರೋ? ಎರಡನೆಯದೇ ನನಗೆ ಹೆಚ್ಚು ಚುಚ್ಚುತ್ತಿದೆ.

"ಪ್ರಕಟಿಸಿ" ಎಂದು ಬರೆದುಕೊಟ್ಟೆ. ಕೆಳಗೆ ಒಂದು ಷರತ್ತು ಸೇರಿಸಿದೆ: ಜೀವಶಾಸ್ತ್ರ ಹೇಳಿಕೊಟ್ಟವರಿದ್ದರೆ ಅವರ ಹೆಸರು ಮೊದಲ ಪುಟದಲ್ಲೇ ಅಚ್ಚಾಗಬೇಕು.

ಸಂಪಾದಕಿ ಓದಿ ತಲೆಯೆತ್ತಿದರು. "ನಿಮ್ಮ ಪುಸ್ತಕದಲ್ಲಿ ಅಂಥ ಪುಟ ಇಲ್ವಲ್ಲ ಸಾರ್?"

ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.