ತೆಗೆದುಹಾಕಿದ ಹೆಸರು

ಮಾರ್ಚ್ ೧೧, ಮಂಗಳವಾರ

ಸಂಜೆ ಅಕ್ಕನ ಫೋನು ಬಂತು. ಅವಳ ಲ್ಯಾಬಿನವರು ಹಳೆಯ ಸಾಫ್ಟ್‌ವೇರ್ ಬಿಟ್ಟು ನಮ್ಮ ಕಂಪನಿಯದಕ್ಕೆ ಬಂದರು. ರಕ್ತಪರೀಕ್ಷೆಯ ವರದಿಗಳನ್ನು ಇದಕ್ಕೆ ತರುವಾಗ ಅವಳು ಒಂದು ಸೆಟ್ಟಿಂಗ್ ಬದಲಿಸಿಲ್ಲ. ದಿನ, ತಿಂಗಳು ಅದಲುಬದಲಾಗಿ, ಜನವರಿ ಮೂರರ ವರದಿ ಮಾರ್ಚ್ ಒಂದರದಾಗಿ ಕೂತಿದೆ. ಎರಡು ದಿನದಿಂದ ಇಂಥ ತಪ್ಪು ವರದಿಗಳೇ ವೈದ್ಯರಿಗೆ ಹೋಗುತ್ತಿವೆ. ಯಾರಾದರೂ ಅವನ್ನು ನಂಬಿ ಔಷಧ ಬದಲಿಸಿದ್ದರೆ?

“ನಿಮ್ಮ ಹೆಲ್ಪ್ ಪೇಜಲ್ಲಿ ಹಳೇದರ ಹೆಸರು ಹಾಕಿ ಹುಡುಕ್ದೆ ಕಣೆ, ಏನೂ ಸಿಗ್ಲಿಲ್ಲ. ನಾನೇ ಸರಿಯಾಗಿ ನೋಡ್ಲಿಲ್ವೇನೋ,” ಅಂದಳು.

ಆ ಸೆಟ್ಟಿಂಗ್ ಬದಲಿಸಬೇಕೆಂಬ ಸೂಚನೆ ಅಲ್ಲೇ ಇದೆ, ಬರೆದವಳು ನಾನೇ. ಹೋದ ತಿಂಗಳು ಆ ಹೆಸರು ತೆಗೆದು ‘ಬೇರೆ ಸಾಫ್ಟ್‌ವೇರ್’ ಎಂದು ಮಾಡಿದವಳೂ ನಾನೇ. “ಪಕ್ಕದಂಗಡಿ ಬೋರ್ಡನ್ನ ನಮ್ಮ ಬಾಗಿಲಿಗೆ ಯಾಕ್ರೀ ತೂಗಿಹಾಕ್ತೀರಾ?” ಎಂದಿದ್ದರು ಮ್ಯಾನೇಜರ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಕ್ಕ ತನ್ನನ್ನೇ ಬೈದುಕೊಳ್ಳುತ್ತಿದ್ದಳು; ನಾನು ಯಾವ ಸೆಟ್ಟಿಂಗ್ ಎಂದಷ್ಟೇ ಹೇಳಿ ಫೋನಿಟ್ಟೆ.

ನಾಳೆ ಯಾರನ್ನೂ ಕೇಳದೆ ಹೆಸರನ್ನು ಮತ್ತೆ ಹಾಕಿಬಿಡುತ್ತೇನೆ. ಹಾಕುತ್ತೇನೆಯೇ? ಇಷ್ಟೆಲ್ಲ ಬರೆದೆನಲ್ಲ, ಯಾರೂ ಓದದ ಈ ಪುಸ್ತಕದಲ್ಲೂ ‘ಹಳೆಯ ಸಾಫ್ಟ್‌ವೇರ್’ ಎಂದೇ ಬರೆದಿದ್ದೇನೆ.