ಬಿಳಿ ಕೋಟಿನ ಮೇಲಿನ ಚುಕ್ಕೆ

ಮಾರ್ಚ್ 4, ಮಂಗಳವಾರ

ಮತ್ತೆ ಅದೇ ಮೋಸ. ಬಟ್ಟೆ ವ್ಯಾಪಾರಿ ಕಳಿಸಿದ ಕಾಟನ್ ಥಾನು ಬಿಚ್ಚಿದೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿದೆ. ಏನೂ ಇಲ್ಲ... ಕಾಗದ ಉಜ್ಜಿದ ಹಾಗೆ. ಕಣ್ಣು ಮುಚ್ಚಿ ಬಟ್ಟೆಯ ಜಾತಕ ಹೇಳುವವಳು ನಾನು. ಪಾಲಿಯೆಸ್ಟರ್ ಬೆರೆಸುತ್ತಿದ್ದಾನೆ, ಅನುಮಾನವೇ ಬೇಡ. ಮೂರು ಥಾನೂ ವಾಪಸ್ ಕಳಿಸಿದೆ. ಇಷ್ಟು ವರ್ಷದ ಮೇಲೆ ಹೀಗಂತೀರಲ್ಲ ಎಂದು ಫೋನಿನಲ್ಲಿ ಗೋಳಾಡಿದ. ಕಳ್ಳರೆಲ್ಲ ಅನ್ನುವುದು ಹಾಗೇ.

ಮಾರ್ಚ್ 6, ಸಂಜೆ

ಹೊಲಿಗೆ ಮಿಷನ್ನಿನ ಪೆಡಲ್ ಕೆಟ್ಟಿದೆ. ಕಾಲಿಟ್ಟದ್ದೇ ತಿಳಿಯುವುದಿಲ್ಲ, ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಮೆಕ್ಯಾನಿಕ್ ಬಂದು ತುಳಿದು ನೋಡಿದ. ಪೆಡಲಿಗೆ ಏನೂ ಆಗಿಲ್ಲವಂತೆ. ಮೆಟ್ಟಿಲಿಳಿಯುವಾಗ "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಗೊಣಗಿದ್ದು ಕೇಳಿಸಿತು. ತಂಗಿ ತನ್ನ ಮಿಷನ್ ಹಿಂದೆ ಕೂತು ನಕ್ಕಳು. ಅವಳ ಮಿಷನ್ ಮಾತ್ರ ಎಂದೂ ಕೆಡುವುದಿಲ್ಲ. ಇದರಲ್ಲಿ ಏನೋ ಇದೆ.

ಮಾರ್ಚ್ 7

ಎಡಗಾಲಿನ ಚಪ್ಪಲಿ ಮಾಯ! ಅಂಗಡಿ ಬಾಗಿಲಲ್ಲಿ ಬಿಡಲು ನೋಡಿದರೆ ಬಲಗಾಲಿನದು ಮಾತ್ರ. ಹತ್ತು ನಿಮಿಷಕ್ಕೆ ತಂಗಿ ಬಂದಳು — ಕೈಯಲ್ಲಿ ನನ್ನ ಚಪ್ಪಲಿ. ಬೇಕರಿ ಮುಂದೆ ಬಿದ್ದಿತ್ತಂತೆ. ಅಲ್ಲಿಂದ ಇಲ್ಲಿಗೆ ಜಲ್ಲಿ ಹಾಸಿದ ರಸ್ತೆ. ಬರಿಗಾಲಲ್ಲಿ ನಡೆದರೆ ನನಗೆ ಗೊತ್ತಾಗುವುದಿಲ್ಲವೇ? ಯಾರ ಕಿವಿಗೆ ಹೂವಿಡಲು ಬರುತ್ತಾಳೆ.

ನನಗೆ ಅರುಳು ಮರುಳು ಎಂದು ಊರಿಗೆಲ್ಲ ಸಾರಬೇಕು, ಕಟಿಂಗ್ ಟೇಬಲ್ ತನ್ನದಾಗಬೇಕು. ಅಷ್ಟೇ.

ಕಾಲ್ಬೆರಳಲ್ಲಿ ಇರುವೆ ಹರಿದ ಹಾಗೆ ಆಗುತ್ತದೆ. ಈಚೆಗೆ ಕೈಬೆರಳಿಗೂ ಬಂದಿದೆ. ಕೂತು ಕೂತು ಜೋಮು ಹಿಡಿದಿರಬೇಕು. ಯಾರಿಗೂ ಹೇಳಿಲ್ಲ. ಹೇಳಿದರೆ ನಾಳೆಯೇ ಕತ್ತರಿ ಅವಳ ಕೈಗೆ.

ಮಾರ್ಚ್ 12, ಮಧ್ಯಾಹ್ನ

ಇವತ್ತಿನದನ್ನು ಬರೆಯಲೇಬೇಕು.

ಡಾಕ್ಟರಮ್ಮ ಕೋಟು ಒಯ್ಯಲು ಬಂದಿದ್ದರು. ಬಿಳಿ ಕೋಟು. ಮಡಚುವಾಗ ಜೇಬಿನ ಪಕ್ಕ ಕೆಂಪು ಚುಕ್ಕೆ. ತೋಳಿನ ಮೇಲೆ ಇನ್ನೊಂದು. ಗುಂಡಿ ಹಾಕಿದ್ದು ತಂಗಿ. ಗಿರಾಕಿಯ ಎದುರಿಗೇ ಬೈದೆ — ಬೇಕೆಂದೇ ಹಾಳು ಮಾಡಿದ್ದೀಯ, ಉಂಡ ಮನೆಯ ಜಂತಿ ಎಣಿಸುವವಳು ಎಂದೆಲ್ಲ. ಅವಳು ಹತ್ತು ಬೆರಳೂ ಚಾಚಿದಳು.

"ನೋಡಕ್ಕ. ಎಲ್ಲಿದೆ ರಕ್ತ? ಈಗ ನಿಂದು ತೋರ್ಸು."

ಧೈರ್ಯವಾಗಿ ತೋರಿಸಿದೆ. ನನ್ನ ತೋರುಬೆರಳಲ್ಲಿ ಮಿಷನ್ ಸೂಜಿಯ ಮುರಿದ ತುದಿ ನಿಂತಿತ್ತು.

ನೋವೇ ಆಗಿರಲಿಲ್ಲ.

ಡಾಕ್ಟರಮ್ಮ ಅಲ್ಲೇ ಸೂಜಿ ಕಿತ್ತರು. ಜೋಮು ಎಂದಿನಿಂದ, ಮೊದಲು ಕಾಲಿಗೋ ಕೈಗೋ, ಎರಡೂ ಕಡೆಯೋ, ಬಾಯಾರಿಕೆ ಜಾಸ್ತಿಯೋ ಎಂದು ಕೇಳಿದರು. ಸಕ್ಕರೆ ಕಾಯಿಲೆ ಇರಬಹುದು, ವಿಟಮಿನ್ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಟೆಸ್ಟ್ ಮಾಡದೆ ಹೇಳಲಾಗದಂತೆ.

"ಮೆಲ್ಲಗೆ ಬಂದಿರೋದು, ಈ ವಾರ ಟೆಸ್ಟ್ ಮಾಡ್ಸಿ. ಆದ್ರೆ ದಿಢೀರಂತ ಒಂದೇ ಕಡೆ ಕೈಕಾಲೋ ಮುಖಾನೋ ಮರಗಟ್ಟಿದ್ರೆ, ಮಾತು ತೊದಲಿದ್ರೆ, ಒಂದು ಗಳಿಗೆನೂ ಕಾಯ್ಬೇಡಿ. ಸೀದಾ ಆಸ್ಪತ್ರೆಗೆ ಬನ್ನಿ."

ಲ್ಯಾಬಿನವನು ಇವರ ನೆಂಟನೇ ಇರಬೇಕು.

ತಂಗಿ ಚೀಲ ಹೆಗಲಿಗೆ ಹಾಕಿಕೊಂಡು ಹೋದಳು.

ಮಾರ್ಚ್ 13

ಬಂದಿಲ್ಲ.

ಮಾರ್ಚ್ 14

ಇವತ್ತೂ ಇಲ್ಲ. ಬೇರೆ ಅಂಗಡಿ ಹಿಡಿದಿರಬೇಕು, ಮೊದಲೇ ಮಾತಾಡಿಟ್ಟಿದ್ದಳೇನೋ. ಅವಳ ಮಿಷನ್ನಿನಲ್ಲೇ ಹೊಲಿಯೋಣವೆಂದು ಕೂತೆ. ಪೆಡಲ್ ತುಳಿದೆ. ಕಾಲಿಟ್ಟದ್ದೇ ತಿಳಿಯಲಿಲ್ಲ.

ಎರಡೂ ಒಟ್ಟಿಗೆ ಕೆಡುತ್ತವೆಯೇ...

ಮಾರ್ಚ್ 19

ಟೆಸ್ಟ್ ಆಯಿತು. ಸಕ್ಕರೆ ವಿಪರೀತ ಏರಿದೆ. ವರ್ಷಗಳಿಂದ ಇದ್ದಿರಬಹುದಂತೆ, ನರಗಳನ್ನು ಸದ್ದಿಲ್ಲದೆ ತಿಂದಿದೆ. ಡಾಕ್ಟರಮ್ಮ ನನ್ನ ಎಡ ಪಾದ ಎತ್ತಿ ಕನ್ನಡಿಯಲ್ಲಿ ತೋರಿಸಿದರು. ಅಡಿಯಲ್ಲಿ ಹಸಿ ಗಾಯ, ಒಳಗೆ ಜಲ್ಲಿಯ ಚೂರು. ಇನ್ನು ಸ್ವಲ್ಪ ತಡವಾಗಿದ್ದರೆ ಕಾಲಿಗೇ ಕುತ್ತು ಎಂದರು.

ಹಾಗಾದರೆ ಬೇಕರಿಯಿಂದ ಬರಿಗಾಲಲ್ಲಿ ನಡೆದದ್ದು ನಾನೇ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬಟ್ಟೆ ವ್ಯಾಪಾರಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಅದೇ ಥಾನು ಮತ್ತೆ ಕಳಿಸುತ್ತಾನಂತೆ. ತಂಗಿಯ ನಂಬರ್ ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ತುಂಬಾ ನಾಚಿಕೆಯಾಗುತ್ತಿದೆ.

ಮಾರ್ಚ್ 21, ಬೆಳಿಗ್ಗೆ 11

ತಾನಾಗಿಯೇ ಬಂದಳು. ಡಾಕ್ಟರಮ್ಮ ಹೇಳಿದರಂತೆ. ಬಂದವಳೇ ವ್ಯಾಪಾರಿ ಮತ್ತೆ ಕಳಿಸಿದ ಥಾನಿನ ಅಂಚು ಹಿಡಿದು ಉಜ್ಜಿದಳು. ಮೊದಲಿನ ಬಟ್ಟೆಯೇ ಅಂತೆ, ನೂಲಿನಷ್ಟೂ ವ್ಯತ್ಯಾಸವಿಲ್ಲವಂತೆ. ಕತ್ತರಿಯನ್ನು ಅವಳ ಕಡೆ ಸರಿಸಿದೆ. ಇನ್ನು ಟೇಬಲ್ ನಿನ್ನದೇ ಎಂದೆ. ಕತ್ತರಿ ಮುಟ್ಟಲಿಲ್ಲ.

"ಬಟ್ಟೆ ನಾನು ಮುಟ್ಟಿ ಹೇಳ್ತೀನಿ. ಕತ್ತರಿಸೋದು ನೀನೇ. ನಿನ್ನ ಟೇಬಲ್ ಯಾರಿಗ್ ಬೇಕು, ಅಕ್ಕ?"

ಕ್ಷಮಿಸು ಎನ್ನಬೇಕು. ಬಾಯಿ ಬರುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಾ ಕೂತಿದ್ದೇನೆ. ಪಕ್ಕದ ಸ್ಟೂಲಿನಲ್ಲಿ ಅವಳೂ ಸುಮ್ಮನೆ ಕೂತಿದ್ದಾಳೆ. ಇನ್ನೂ ಕೋಪವಿರಬೇಕು ಎಂದುಕೊಂಡೆ. ಈಗ ಕಣ್ಣು ಹಾಯಿಸಿದರೆ, ನನ್ನ ಎಡಗೈ ಬೆರಳುಗಳನ್ನು ಹಿಡಿದುಕೊಂಡಿದ್ದಾಳೆ. ಎಷ್ಟು ಹೊತ್ತಿನಿಂದ ಹಿಡಿದಿದ್ದಾಳೋ, ನನಗೆ —